ಅರ್ಧ ಕೈ

ಜಿನ್ನಿಂಗ್ ಮಿಲ್ಲಿಗೆ ಹೊಸದಾಗಿ ಸೇರಿದ ಹೆಂಗಸು ಮೊದಲ ವಾರ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಳ್ಳುತ್ತಾಳೆ. ಎರಡನೆಯ ವಾರ ಬಾಯಿ ಮುಚ್ಚುತ್ತಾಳೆ. ಮೂರನೆಯ ವಾರದಿಂದ ಅವಳ ಕೈ ಮಾತಾಡತೊಡಗುತ್ತದೆ. ಆದೋನಿಯ ಮರಿಬಸಪ್ಪನವರ ಮಿಲ್ಲಿನಲ್ಲಿ ಇಪ್ಪತ್ತನಾಲ್ಕು ಜಿನ್ನುಗಳು ಒಟ್ಟಿಗೆ ಓಡಿ ಹತ್ತಿಯಿಂದ ಕಾಳು ಬಿಡಿಸುವಾಗ, ಪಕ್ಕದವಳ ಕಿವಿಗೆ ಬಾಯಿಟ್ಟು ಕೂಗಿದರೂ ಕೇಳಿಸದು. ಹಾಗಾಗಿ ಅಲ್ಲಿಯ ಹೆಂಗಸರು ಯಾವ ಕಾಲದಿಂದಲೋ ಕೈಯಲ್ಲೇ ಮಾತಾಡಿಕೊಂಡು ಬಂದಿದ್ದಾರೆ. ಮೀಸೆ ತೀಡಿದಂತೆ ಮಾಡಿದರೆ ಮೇಸ್ತ್ರಿ ಗಾದಿಲಿಂಗ ಬಂದ. ಹಣೆಯ ಮೇಲೆ ಮೂರು ಬೆರಳು ಎಳೆದರೆ ವಿಭೂತಿ, ಅಂದರೆ ಸಾವ್ಕಾರರೇ ಬಂದರು. ಹೆಬ್ಬೆರಳು ತುಟಿಗೆ ಹೋದರೆ ನೀರು, ಕಿರುಬೆರಳು ಹೋದರೆ ಚಹಾ. ಮೂಗಿನ ಪಕ್ಕ ಬೆರಳಿಟ್ಟರೆ ದೊಡ್ಡ ಮೂಗುಬೊಟ್ಟಿನ ಈಶ್ವರಿ. ಗದ್ದ ಮುಟ್ಟಿದರೆ ಹಚ್ಚೆಯ ದಸ್ತಗಿರಮ್ಮ.

ಶಿಫ್ಟು ಮುಗಿಸಿ ಹೊರಡುವವರು ಅಂಗೈಯನ್ನು ಎದೆಯ ಮೇಲಿಟ್ಟು, ಮುಂದಕ್ಕೆ ಚಾಚಿ, ಮತ್ತೆ ಎದೆಗೆ ತರುತ್ತಾರೆ. ಹೋಗಿಬರ್ತೀನಿ ಎಂದು ಅದರ ಅರ್ಥ. ಮನೆ ಬಿಡುವವರು ಬಾಯಲ್ಲಿ ಬರಿ 'ಹೋಗ್ತೀನಿ' ಅನ್ನದ ಹಾಗೆ, ಇಲ್ಲಿ ಕೈಯನ್ನು ಬರಿ ಚಾಚಿ ಬಿಡುವಂತಿಲ್ಲ. ಹಾಗೆ ಬಿಟ್ಟರೆ ಅದು ಅರ್ಧ ಕೈ. ರಾಮಲಕ್ಷ್ಮಿ ಹೊಸಬಳಾಗಿದ್ದಾಗ ಬಸ್ಸಿನ ಅವಸರದಲ್ಲಿ ಒಮ್ಮೆ ಅರ್ಧ ಕೈ ಮಾಡಿ ಓಡಿದ್ದಳು. ಹಿರಿಯಳೊಬ್ಬಳು ಗೇಟಿನ ತನಕ ಬೆನ್ನಟ್ಟಿ ಹೋಗಿ, ಅವಳ ಮಣಿಕಟ್ಟು ಹಿಡಿದು ಉಳಿದರ್ಧ ಮಾಡಿಸಿಯೇ ಬಸ್ಸು ಹತ್ತಿಸಿದ್ದಳು.

ದಸ್ತಗಿರಮ್ಮ ಕೌತಾಳಂ ಕಡೆಯವಳು. ಹುಟ್ಟಿದ ಮಕ್ಕಳು ನಿಲ್ಲುತ್ತಿಲ್ಲವೆಂದು ಅವಳ ತಾಯಿ ದರ್ಗಾಕ್ಕೆ ಹರಕೆ ಹೊತ್ತು ಹಡೆದದ್ದರಿಂದ ಆ ಹೆಸರು. ಮಿಲ್ಲಿಗೆ ಬಂದು ಇಪ್ಪತ್ತೆರಡು ವರ್ಷ. ಜಿನ್ನಿಗೆ ಹತ್ತಿ ಉಣಿಸುವುದು ಅವಳ ಕೆಲಸ. ಮಾತು ಕಡಿಮೆ ಎಂದು ಊರಿನವರು ಹೇಳುತ್ತಿದ್ದರು. ಅವಳ ಕೈ ಎಷ್ಟು ವಾಚಾಳಿ ಎಂಬುದು ಮಿಲ್ಲಿನವರಿಗೆ ಮಾತ್ರ ಗೊತ್ತಿತ್ತು.

ಹೋದ ದೀಪಾವಳಿಯ ನಂತರ ಹೈದರಾಬಾದಿನಿಂದ ಒಬ್ಬ ಹೆಂಗಸು ಎರಡು ಮಕ್ಕಳೊಂದಿಗೆ ಮಿಲ್ಲಿನ ಹಿಂದಿನ ಲೇಬರ್ ಮನೆಗೆ ಬಂದಳು. ಬರ್ಮಾ ದೇಶದವಳಂತೆ. ಅಲ್ಲಿ ಊರು ಸುಟ್ಟು, ನದಿ ದಾಟಿ, ಬಾಂಗ್ಲಾದ ಡೇರೆಗಳಲ್ಲಿ ಕೆಲವು ತಿಂಗಳಿದ್ದು, ಅಣ್ಣನ ಬೆನ್ನು ಹಿಡಿದು ಹೈದರಾಬಾದಿಗೆ ಬಂದವಳು. ಸೇನುವಾರಾ ಎಂಬ ಹೆಸರು ಮಿಲ್ಲಿನ ಬಾಯಲ್ಲಿ ಎರಡೇ ದಿನಕ್ಕೆ ಸೇನಮ್ಮ ಆಯಿತು. ಅವಳನ್ನು ಅಂಗಳದಲ್ಲಿ ಹತ್ತಿಯ ಕಸ ಆರಿಸುವ ಕೆಲಸಕ್ಕೆ ಹಾಕಿದರು. ಎಂಟು ವರ್ಷದ ಮಗಳು ಮಿನಾರಾ, ಸೊಂಟದ ಮೇಲೆ ಒಂದೂವರೆ ವರ್ಷದ ತಮ್ಮನನ್ನು ಹೊತ್ತು ತಾಯಿಯ ಸುತ್ತ ತಿರುಗುತ್ತಿದ್ದಳು. ಹುಡುಗಿಗೆ ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲ. ಯಾರಾದರೂ ಮಾತಾಡಿಸಿದರೆ ಅವರ ಬಾಯನ್ನು ನೋಡಿ, ಆಮೇಲೆ ತನ್ನ ಕಾಲನ್ನು ನೋಡುತ್ತಿದ್ದಳು.

ಜಿನ್ನುಗಳ ಮನೆಯ ಬಾಗಿಲಲ್ಲಿ ಒಂದು ಹಳದಿ ಗೆರೆ. ಮಕ್ಕಳು ಅದನ್ನು ದಾಟುವಂತಿಲ್ಲ. ಮಿನಾರಾ ಆ ಗೆರೆಯ ಹೊರಗೆ ನಿಂತಳು. ನಿಂತವಳು ಅಲ್ಲಿಂದ ಕದಲಲಿಲ್ಲ. ಅವಳು ಹುಟ್ಟಿದಾಗಿನಿಂದ ಮಂದಿ ಬಾಯಿ ಅಲ್ಲಾಡಿಸುತ್ತಿದ್ದರು. ಇಲ್ಲಿ ಮೂವತ್ತು ಹೆಂಗಸರು ಬಾಯಿ ಮುಚ್ಚಿಕೊಂಡು ಕೈಯಲ್ಲಿ ನಗುತ್ತಿದ್ದರು, ಬೈಯುತ್ತಿದ್ದರು, ಚಾಡಿ ಹೇಳುತ್ತಿದ್ದರು. ಮೂರನೆಯ ದಿನ ಗೆರೆಯ ಈಚೆಗೆ ಒಂದು ಬೆಂಚು ಬಂತು. ಯಾರು ಹಾಕಿಸಿದರೆಂದು ಯಾರೂ ಹೇಳಲಿಲ್ಲ. ಆದರೆ ಅದು ಸಾವ್ಕಾರರ ಆಫೀಸಿನ ಬೆಂಚೆಂದು ಎಲ್ಲರಿಗೂ ಗೊತ್ತಿತ್ತು.

ಒಂದು ತಿಂಗಳಾಗಿರಬೇಕು. ಮಧ್ಯಾಹ್ನ ದಸ್ತಗಿರಮ್ಮ ತಲೆ ಎತ್ತಿದಾಗ ಹುಡುಗಿ ಬೆಂಚಿನ ಮೇಲೆ ನಿಂತು ಗಡಿಬಿಡಿಯಲ್ಲಿ ಮೀಸೆ ತೀಡುತ್ತಿದ್ದಳು. ಅದೇ ಹೊತ್ತಿಗೆ ಈಶ್ವರಿ ಹತ್ತಿಯ ರಾಶಿಗೆ ಒರಗಿ ತೂಕಡಿಸುತ್ತಿದ್ದಳು. ದಸ್ತಗಿರಮ್ಮ ಓಡಿ ಹೋಗಿ ಅವಳ ಭುಜ ಅಲ್ಲಾಡಿಸಿದಳು. ಗಾದಿಲಿಂಗ ಒಳಗೆ ಬಂದಾಗ ಈಶ್ವರಿ ಬುಟ್ಟಿ ತುಂಬುತ್ತಿದ್ದಳು.

"ನನ್ನ ಹಾಜರಿ ಉಳಿಸಿತಲ್ಲಬೇ ಈ ಪಾಪ!" ಎಂದು ಊಟದ ಹೊತ್ತಿನಲ್ಲಿ ಈಶ್ವರಿ ಹುಡುಗಿಯ ಗಲ್ಲ ಹಿಂಡಿ, ಬುತ್ತಿಯ ರೊಟ್ಟಿಯೊಳಗೆ ಶೇಂಗಾ ಹಿಂಡಿ ಸುತ್ತಿ ಕೊಟ್ಟಳು. ಹುಡುಗಿಯ ಕೂದಲ ತುಂಬ ಅರಳೆ ಅಂಟಿರುತ್ತಿದ್ದುದರಿಂದ, ತಲೆಯಿಂದ ಅರಳೆ ಕಿತ್ತಂತೆ ಮಾಡುವುದೇ ಅವಳ ಹೆಸರಾಯಿತು. ಯಾರಾದರೂ ಆ ಸನ್ನೆ ಮಾಡಿದರೆ ಮಿನಾರಾ ತಟ್ಟನೆ ತಿರುಗುತ್ತಿದ್ದಳು. ಎಂಟು ವರ್ಷದಲ್ಲಿ ಮೊದಲ ಸಲ ಅವಳನ್ನು ಹೆಸರು ಹಿಡಿದು ಕರೆದಂತಾಗಿತ್ತು.

ಒಂದು ದಿನ ಹುಡುಗಿ ದಸ್ತಗಿರಮ್ಮನ ಮುಂದೆ ಬಂದು ಯಾರೂ ಕಲಿಸದ ಸನ್ನೆಯೊಂದನ್ನು ಮಾಡಿದಳು. ಎರಡೂ ಕೈಯಲ್ಲಿ ಹೊಟ್ಟೆಯ ಹತ್ತಿರ ಲುಂಗಿಯ ಗಂಟು ಬಿಗಿದಳು. ಗದ್ದದ ಕೆಳಗೆ ಗಡ್ಡ ನೇವರಿಸಿದಳು. ಆಮೇಲೆ ಅಂಗೈ ಮೇಲೆ ಮಾಡಿ ಹಿಡಿದಳು. ಎಲ್ಲಿ?

ದಸ್ತಗಿರಮ್ಮನಿಗೆ ತಿಳಿಯಲಿಲ್ಲ. ಸೇನಮ್ಮನಿಗೆ ತಿಳಿಯಿತು, ಅವಳು ಸೆರಗು ಬಾಯಿಗೆ ಒತ್ತಿಕೊಂಡು ಬೇರೆ ಕಡೆ ತಿರುಗಿದಳು.

ಸೇನಮ್ಮ ತನ್ನ ಹರಕು ಉರ್ದುವಿನಲ್ಲಿ, ದಸ್ತಗಿರಮ್ಮ ತನ್ನ ಸಂತೆಯ ಉರ್ದುವಿನಲ್ಲಿ, ಅಂದು ಸಂಜೆ ಲೇಬರ್ ಮನೆಯ ಕಟ್ಟೆಯ ಮೇಲೆ ಕೂತು ಮಾತಾಡಿದರು. ನದಿಯ ದಂಡೆಯಲ್ಲಿ ದೋಣಿಗೆ ಜಾಗ ಸಾಲಲಿಲ್ಲ. ಮುಂದಿನ ದೋಣಿಗೆ ಬರುತ್ತೇನೆಂದು ಗಂಡ ಉಳಿದುಕೊಂಡ. ಎರಡು ದಿನದ ಮೇಲೆ ಅವರ ಊರಿನವನೊಬ್ಬ ದಾಟಿ ಬಂದು, ದಂಡೆಯ ಮೇಲೆ ಬಿದ್ದವರಲ್ಲಿ ಅವನನ್ನು ಕಂಡೆ ಎಂದ. ದೊಡ್ಡವರು ಅತ್ತರು. ಹುಡುಗಿ ಎಲ್ಲರ ಮುಖ ನೋಡಿದಳು. ಅವಳಿಗೆ ಹೇಳುವುದು ಹೇಗೆ? ತಾಯಿ ಕಣ್ಣು ಮುಚ್ಚಿ ತಲೆ ವಾಲಿಸಿ ತೋರಿಸಿದಳು. ಅಪ್ಪ ಮಲಗಿದ್ದಾನೆಂದು ತಿಳಿದ ಹುಡುಗಿ ಅವನಿಗೆಂದು ಒಂದು ಬಟ್ಟೆ ಮಡಿಚಿ ದಿಂಬು ಮಾಡಿಟ್ಟಳು. ಆಕಾಶಕ್ಕೆ ಬೆರಳು ತೋರಿಸಿದರೆ ಓಡಿ ಹೋಗಿ ಚಾಪೆಯ ಅಡಿಗೆ ಹೊಕ್ಕಳು. ಅವರ ಊರಿನಲ್ಲಿ ಬೆಂಕಿ ಬಿದ್ದದ್ದು ಆಕಾಶದಿಂದಲೇ.

"ಒಂದು ವರ್ಷ ಆಕಿಗೆ ಅಪ್ಪ ಎಲ್ಲಿ ಅಂತ ಕೇಳಾಕ ಬರಲಿಲ್ಲ ಆಪಾ," ಎಂದಳು ಸೇನಮ್ಮ. "ಬರಲಿಲ್ಲಂತ ನಾನು ದೇವರಿಗೆ ಕೈ ಮುಗದೀನಿ. ಈಗ ನಿಮ್ಮ ಮಿಲ್ಲು ಆಕಿಗೆ ಕೇಳೋದು ಕಲಿಸೈತಿ. ತುಮೇಚ್ ಬೋಲೋ. ನೀವೇ ಹೇಳ್ರಿ."

ಮರುದಿನ ಚಹಾದ ಬಿಡುವಿನಲ್ಲಿ ದಸ್ತಗಿರಮ್ಮ ಹಳದಿ ಗೆರೆಯ ಬಳಿ ಮಂಡಿಯೂರಿ ಕೂತಳು. ಲುಂಗಿಯ ಗಂಟು, ಗಡ್ಡ. ಅಂಗೈ ಎದೆಯ ಮೇಲಿಟ್ಟು ಮುಂದಕ್ಕೆ ಚಾಚಿದಳು. ಹೋದ. ಹುಡುಗಿ ಅವಳ ಕೈಯನ್ನೇ ನೋಡುತ್ತಿದ್ದಳು. ಆಮೇಲೆ ಅವಳ ಮುಖ ಅರಳಿತು. ಎದ್ದು, ತಮ್ಮನನ್ನು ಸೊಂಟಕ್ಕೇರಿಸಿಕೊಂಡು ಕುಣಿಯುತ್ತ ಹೋದಳು. ದಸ್ತಗಿರಮ್ಮ ಬೆರಗಾದಳು. ಮಕ್ಕಳ ಮನಸ್ಸು ಹೀಗೇ ಏನೋ, ದುಃಖ ತಡವಾಗಿ ಇಳಿಯುತ್ತದೆ ಏನೋ ಎಂದುಕೊಂಡು ಜಿನ್ನಿನ ಹತ್ತಿರ ಹೋದಳು.

ಅದೇ ವಾರ ಮೌನಿಕಾ ಮೇಡಂ ಬಂದಳು. ಪಟ್ಟಣದಲ್ಲಿ ಕಿವಿ ಕೇಳದ ಮಕ್ಕಳಿಗೆ ಪಾಠ ಹೇಳುವ ಹುಡುಗಿ. ಬೆಳಿಗ್ಗೆ ಎಂಟಕ್ಕೆ ಮಕ್ಕಳ ಆಟೊ ಮಿಲ್ಲಿನ ಗೇಟಿಗೆ ಬರುತ್ತದೆ, ಸಂಜೆ ಬಿಡುತ್ತದೆ ಎಂದಳು. ಮಿನಾರಾಳ ಜೊತೆ ಅರ್ಧ ತಾಸು ಕೂತು ಎದ್ದಾಗ ಅವಳ ಕಣ್ಣು ಹೊಳೆಯುತ್ತಿತ್ತು. "ಚಾಲಾ ಷಾರ್ಪ್ ಐತ್ರಿ ಈ ಪಾಪ! ನಮ್ಮ ಸನ್ನಿ ಬೇರೆ, ನಿಮ್ಮ ಮಿಲ್ ಸನ್ನಿ ಬೇರೆ. ಆದ್ರೂ ಭಾಷಾ ಅಂದ್ರ ಏನಂತ ಆಕಿಗೆ ತಿಳದೈತಿ. ಅದು ತಿಳೀದ ಮಕ್ಕಳು ಹತ್ತು ವರ್ಷದೋರು ಅದಾರ ನನ್ನ ಹತ್ರ."

ಮರುದಿನ ಆಟೊ ಬಂತು. ಎಂಟು ಗಂಟೆಗೆ ಶಿಫ್ಟು ಬದಲಾಗುವ ಹೊತ್ತು. ಮಿನಾರಾ ತಲೆ ಬಾಚಿ, ತಾಯಿಯ ಕಾಡಿಗೆ ಹಚ್ಚಿಕೊಂಡು ಗೇಟಿನಲ್ಲಿ ನಿಂತಿದ್ದಳು. ಆದರೆ ಆಟೊ ಹತ್ತಲಿಲ್ಲ. ಎತ್ತಿ ಕೂರಿಸಿದರೆ ಇಳಿದಳು. ಒಳಗೆ ಬರುವ ಗಂಡಸರ ಮುಖಗಳನ್ನು ಒಂದೊಂದಾಗಿ ನೋಡುತ್ತ ನಿಂತಳು. ಎರಡನೆಯ ದಿನವೂ ಹಾಗೇ. ಮೂರನೆಯ ದಿನವೂ. ಗೇಟಿನ ಪಂಪಣ್ಣ ತನ್ನ ಸ್ಟೂಲನ್ನು ಅವಳಿಗೆ ಕೊಟ್ಟು ತಾನು ನಿಂತುಕೊಂಡ.

ಶನಿವಾರ ಮೌನಿಕಾಳ ಮುಖ ಬಾಡಿತ್ತು. "ಬುಧವಾರದ ತನಕ ನೋಡ್ತೀನ್ರಿ ಅಕ್ಕಾ. ಆಟೊದಾಗ ಒಂದೇ ಸೀಟು ಉಳದೈತಿ, ಆಸ್ಪರಿ ಕಡೆಯೋರು ಕೇಳಾಕತ್ಯಾರ. ಬುಧವಾರನೂ ಹತ್ತಲಿಲ್ಲಂದ್ರ ಈ ಕಡೆ ಆಟೊ ಬರೋದಿಲ್ಲ."

ಆಟೊ ಹೋದ ಮೇಲೆ ಪಂಪಣ್ಣ ದಸ್ತಗಿರಮ್ಮನನ್ನು ಕರೆದ. "ಏ ದಸ್ತಗಿರಮ್ಮ, ಈ ಪಾಪ ದಿನಾ ನನಗ ಒಂದೇ ಮಾತು ಹೇಳತೈತಿ. ನಾನು ಗೇಟಿನೋನು, ನಿಮ್ಮ ಕೈ ಮಾತು ನನಗೇನ್ ಗೊತ್ತು? ನೀ ನೋಡು."

ಮಿನಾರಾ ಹೇಳಿದಳು. ಲುಂಗಿಯ ಗಂಟು. ಗಡ್ಡ. ಎದೆಯಿಂದ ಅಂಗೈ ಮುಂದೆ ಹೋಯಿತು. ಮತ್ತೆ ಎದೆಗೆ ಬಂತು.

ಹೋಗಿಬರ್ತಾನೆ.

ದಸ್ತಗಿರಮ್ಮ ತನ್ನ ಅಂಗೈಯನ್ನೇ ನೋಡಿಕೊಂಡಳು. ಅಂದು ತನ್ನ ಕೈ ಏನು ಮಾಡಿತೆಂದು ಈಗ ಗೊತ್ತಾಯಿತು. ಇಪ್ಪತ್ತೆರಡು ವರ್ಷದ ರೂಢಿ. ಚಾಚಿದ ಕೈ ಅವಳನ್ನು ಕೇಳದೆ ಎದೆಗೆ ಮರಳಿತ್ತು. ಅಪ್ಪನ ಶಿಫ್ಟು ಮುಗಿದಿದೆ, ಮುಂದಿನ ಶಿಫ್ಟಿಗೆ ಬರುತ್ತಾನೆ ಎಂದು ಹುಡುಗಿಗೆ ತಾನೇ ಹೇಳಿಬಿಟ್ಟಿದ್ದಳು.

ಊಟದ ಹೊತ್ತಿನಲ್ಲಿ ಅವಳು ಗೆಳತಿಯರಿಗೆ ಹೇಳಿದಳು. ರಾಮಲಕ್ಷ್ಮಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

"ಹಂಗಾದ್ರ ಇರ್ಲಿ ಬಿಡಕ್ಕ. ಕಾಯೋದ್ರಾಗ ಏನ್ ತಪ್ಪು? ದೊಡ್ಡಾಕಿ ಆದಂಗೆಲ್ಲ ತಾನೇ ತಿಳಕೊಂತಾಳ."

"ಮತ್ತ ಸಾಲಿ?" ಎಂದಳು ದಸ್ತಗಿರಮ್ಮ.

"ಸಾಲಿ ಇಲ್ಲಂದ್ರ ಇಲ್ಲ. ನಾವೇನ್ ಕಲತೀವಿ? ಸಾವ್ಕಾರ್ರ ರಾಶಿ ಹೊತ್ತು ಬದುಕೀವಿಲ್ಲೋ?"

ಈಶ್ವರಿ ತಗ್ಗಿದ ದನಿಯಲ್ಲಿ ಹೇಳಿದಳು: "ಅರ್ಧ ಕೈ ಮಾತ್ರ ಮಾಡಬ್ಯಾಡ ಯಕ್ಕಾ. ನಿನಗೂ ಮಕ್ಕಳು ಅದಾವ. ಕೈಗೆ ದೋಷ ಹತ್ತತೈತಿ."

ದಸ್ತಗಿರಮ್ಮ ಬುತ್ತಿ ಮುಚ್ಚಿ ಪಕ್ಕಕ್ಕಿಟ್ಟಳು. ಆಮೇಲೆ, ಯಾರಿಗೂ ಎಂದೂ ಹೇಳದ ಮಾತನ್ನು ಹೇಳಿದಳು.

"ನಮ್ಮನ್ಯಾಗಿನೋರು ಹೋದಾಗ ನಾನು ಇಲ್ಲೇ ಡ್ಯೂಟಿ ಮ್ಯಾಲ ಇದ್ದೆ. 'ಯಂಕಣ್ಣಗ ಜ್ವರ ಜಾಸ್ತಿ ಐತಿ, ಬಾ' ಅಂತ ಭಾವ ಬಂದು ಕರದ. ಬಸ್ ಸ್ಟಾಂಡಿನಾಗ ಮೋಸಂಬಿ ತಗೊಂಡೆ. ಜ್ವರಕ್ಕ ಒಳ್ಳೇದಂತ. ಬಸ್ಸಿನ ತುಂಬ ಕೌತಾಳಮಿನೋರು, ಎಲ್ಲಾರಿಗೂ ಗೊತ್ತು. ಒಬ್ಬಾಕಿ ನನಗ ಕಿಟಕಿ ಸೀಟು ಬಿಟ್ಟಳು. ಕಂಡಕ್ಟರ್ ಟಿಕೆಟ್ ಕೇಳಲಿಲ್ಲ. ನಾನು ಎಷ್ಟು ಹುಚ್ಚಿ ಅಂದ್ರ, ಹಣ್ಣು ಮೆತ್ತಗ ಆದಾವಂತ ದಾರಿ ತುಂಬ ಉಡಿಯಾಗ ಹೊಳ್ಳಿಸಿ ಹೊಳ್ಳಿಸಿ ನೋಡಿದೆ. ಅವರು ಕೆಟ್ಟೋರಲ್ಲ. ನನ್ನ ಮ್ಯಾಲಿನ ಕರುಣಾದಿಂದನಾ ಹೇಳಲಿಲ್ಲ. ಆದ್ರ ಆ ಬಸ್ಸಿನಾಗ ನಾನೊಬ್ಬಾಕಿನಾ ಕಿವುಡಿ ಇದ್ದೆ."

ಈಶ್ವರಿ ನೀರಿನ ಚೊಂಬನ್ನು ಅವಳ ಕಡೆ ಸರಿಸಿದಳು.

ಭಾನುವಾರ ಜಿನ್ನುಗಳಿಗೆ ಎಣ್ಣೆ ಹಾಕುವ ದಿನ, ಮಿಲ್ಲು ನಿಂತಿತ್ತು. ದಸ್ತಗಿರಮ್ಮ ಹಿಂದಿನ ಅಂಗಳಕ್ಕೆ ಹೋದಾಗ ಸೇನಮ್ಮ ಬೇವಿನ ನೆರಳಿನಲ್ಲಿ ಚಿಕ್ಕವನನ್ನು ಮಲಗಿಸಿಕೊಂಡು ಕೂತಿದ್ದಳು. ಹುಡುಗಿ ಹತ್ತಿಕಾಳಿನಲ್ಲಿ ಆಡುತ್ತಿದ್ದಳು. ದಸ್ತಗಿರಮ್ಮ ಅವಳೆದುರು ಕೂತು, ತಲೆಯಿಂದ ಅರಳೆ ಕಿತ್ತಂತೆ ಮಾಡಿ ಕರೆದಳು. ಹುಡುಗಿ ತಲೆ ಎತ್ತಿದಳು.

ಲುಂಗಿಯ ಗಂಟು. ಗಡ್ಡ.

ಅಂಗೈಯನ್ನು ಎದೆಯ ಮೇಲಿಟ್ಟಳು. ಮುಂದಕ್ಕೆ ಚಾಚಿದಳು. ಅಲ್ಲೇ ನಿಲ್ಲಿಸಿದಳು.

ಮಿನಾರಾ ನಗುತ್ತ ಕಾದಳು. ಕೈ ಮರಳಲಿಲ್ಲ. ಹುಡುಗಿ ಕೈಯನ್ನು ನೋಡಿದಳು, ಮುಖವನ್ನು ನೋಡಿದಳು. ದಸ್ತಗಿರಮ್ಮ ಮರೆತಿದ್ದಾಳೆಂದು ತಾನೇ ಮಾಡಿ ತೋರಿಸಿದಳು: ಎದೆಯಿಂದ ಮುಂದೆ, ಮುಂದಿನಿಂದ ಎದೆಗೆ. ದಸ್ತಗಿರಮ್ಮ ತಲೆ ಅಲ್ಲಾಡಿಸಿದಳು. ಅಲ್ಲ. ಕೈ ಗಾಳಿಯಲ್ಲೇ ಇತ್ತು.

ಆಗ ಹುಡುಗಿ ಎದ್ದು ಅವಳ ಮಣಿಕಟ್ಟು ಹಿಡಿದಳು. ಎರಡೂ ಕೈಯಿಂದ ಹಿಡಿದು, ಆ ಕೈಯನ್ನು ಎದೆಯ ಕಡೆಗೆ ಜಗ್ಗಿದಳು. ದಸ್ತಗಿರಮ್ಮ ತೋಳು ಬಿಗಿ ಹಿಡಿದಳು. ದಿನಕ್ಕೆ ನೂರು ಬುಟ್ಟಿ ಎತ್ತುವ ತೋಳು ಅದು. ಹುಡುಗಿ ಕಾಲು ಊರಿ ಜಗ್ಗಿದಳು. ಜೋತು ಬಿದ್ದಳು. ಗಂಟಲಿನಿಂದ ಒಂದು ದನಿ ಹೊರಬಂತು. ಅವಳಿಗೆ ತನ್ನ ದನಿ ಕೇಳಿಸದು, ಆದರೆ ಗೇಟಿನಲ್ಲಿದ್ದ ಪಂಪಣ್ಣ ಎದ್ದು ನಿಂತ. ಮರಳಿಸಿಬಿಡು, ಒಂದು ಸಲ ಎದೆಗೆ ತಂದುಬಿಡು ಎಂದು ದಸ್ತಗಿರಮ್ಮನ ಒಳಗೆ ಎಲ್ಲವೂ ಹೇಳಿತು. ಅವಳು ತರಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಹುಡುಗಿಯ ಹಿಡಿತ ಸಡಿಲಾಯಿತು. ಆ ಚಾಚಿದ ತೋಳಿನ ಮೇಲೆ ಹಣೆ ಇಟ್ಟುಕೊಂಡು ನಿಂತಳು. ಅವಳಿಗೆ ಗೊತ್ತಾಗಿತ್ತು.

ಬೇವಿನ ನೆರಳು ಗೋಡೆಗೆ ಹತ್ತಿದಾಗ ಅವಳು ಕಣ್ಣೊರೆಸಿಕೊಂಡು ಕೂತಳು. ಕೈಗಳು ಅಲುಗಿದವು. ಎರಡು ಅಂಗೈ ಜೋಡಿಸಿ ಅತ್ತಿತ್ತ ತೂಗಿದಳು: ದೋಣಿ. ದೋಣಿಯ ಹಿಂಬದಿಗೆ ತನ್ನ ಕೂದಲ ಅರಳೆ ಇಟ್ಟಳು: ತಾನು. ಮುಂಬದಿಯಲ್ಲಿ, ಬೆನ್ನು ಮಾಡಿ, ಅಮ್ಮ. ಲುಂಗಿಯ ಗಂಟು; ಸೊಂಟದ ತನಕ ನೀರು. ಬೆರಳ ತುದಿಗಳಿಂದ ಮಳೆ. ಆಮೇಲೆ ಅಪ್ಪನ ಕೈಯಾಗಿ ತನ್ನ ಕೈಯನ್ನು ತಲೆಯ ಮೇಲಿಂದ ಕಿವಿಯ ತನಕ ಎಳೆದಳು. ಒಮ್ಮೆ ಅಲ್ಲ, ಮೂರು ಸಲ. ಕೂಸನ್ನು ತೋರಿಸಿದಳು. ಮತ್ತೆ ತಲೆಯ ಮೇಲಿಂದ ಕೈ.

ದಸ್ತಗಿರಮ್ಮ ಒಂದೊಂದನ್ನೂ ಉರ್ದುವಿಗೆ ತಿರುಗಿಸಿ ಹೇಳಿದಳು. ಕೊನೆಯದನ್ನು ಹೇಳುವ ಮೊದಲೇ ಸೇನಮ್ಮ ಅವಳ ಮೊಣಕಾಲು ಹಿಡಿದಳು.

"ಮೈ ಪೀಛೆ ನೈ ದೇಖಿ, ಆಪಾ. ನಾನು ಹಿಂದಕ್ಕ ನೋಡಲಿಲ್ಲ. ನೋಡಿದ್ರ ಜಿಗದು ಬಿಡ್ತೀನಂತ ಅಂಜಿಕಿ ಬಂತು. ನೀರಿನ ನಡುವೆ ಈಕಿ ಬಂದು ತನ್ನ ತಲಿಬಟ್ಟಿ ತಗದು ತಮ್ಮಗ ಹೊಚ್ಚಿದಳು. ತಮ್ಮನ ತಲಿ ಮುಚ್ಚು ಅಂತ ಈಕಿಗೆ ಯಾರು ಹೇಳಿದ್ರು ಅಂತ ನಾನು ಕೇಳಲಿಲ್ಲ. ಹೆಂಗ ಕೇಳಲಿ?"

ಹುಡುಗಿ ತಾಯಿಯ ಅಳುವ ಮುಖ ನೋಡಿದಳು. ಹೆಬ್ಬೆರಳಿಗೆ ತೋರುಬೆರಳ ತುದಿ ಜೋಡಿಸಿ ಹುಬ್ಬು ಏರಿಸಿದಳು. ಹತ್ತಿ ಉಣಿಸುವ ಹೊಸ ಹೆಂಗಸರು ಮೇಸ್ತ್ರಿಯನ್ನು ಹೀಗೆ ಕೇಳುತ್ತಾರೆ: ಸರಿಯಾಗಿ ಮಾಡಿದೆನಾ?

ಸೇನಮ್ಮ ಅರ್ಥಕ್ಕಾಗಿ ದಸ್ತಗಿರಮ್ಮನ ಕಡೆ ತಿರುಗಿದಳು. ದಸ್ತಗಿರಮ್ಮ ಹೇಳಿದಳು, ಉತ್ತರದ ಸನ್ನೆಯನ್ನೂ ಮೆಲ್ಲಗೆ ತೋರಿಸಿದಳು. ಸೇನಮ್ಮ ಕೈ ಒರೆಸಿಕೊಂಡು, ಅಂಗೈಯಿಂದ ಮಗಳ ಎದೆಯನ್ನು ಎರಡು ಸಲ ತಟ್ಟಿದಳು. ಸರಿ. ಬಹಳ ಸರಿ. ಎರಡು ಸಾಕಿತ್ತು, ಅವಳು ತಟ್ಟುತ್ತಲೇ ಇದ್ದಳು.

ಸೋಮವಾರ ಮಿನಾರಾಳಿಗೆ ಮೈ ಸುಡುತ್ತಿತ್ತು. ಪಂಪಣ್ಣ ಮಾತ್ರೆ ತಂದುಕೊಟ್ಟ. ಮಂಗಳವಾರ ಆಟೊ ಬಂದು ಕಾದು ಹೋಯಿತು. ಹುಡುಗಿ ಬಾಗಿಲ ಹೊರಗೂ ಬರಲಿಲ್ಲ. ರಾಮಲಕ್ಷ್ಮಿ ದಸ್ತಗಿರಮ್ಮನ ಮುಖ ನೋಡಿದಳು.

ಬುಧವಾರ ಎಂಟಕ್ಕೆ ಹುಡುಗಿ ತಾನೇ ನಡೆದು ಬಂದಳು. ಕಾಡಿಗೆ ಹಚ್ಚಿರಲಿಲ್ಲ. ಒಳಗೆ ಬರುತ್ತಿದ್ದ ಗಂಡಸರ ನಡುವೆ ದಾರಿ ಮಾಡಿಕೊಂಡು ನೇರ ದಸ್ತಗಿರಮ್ಮನ ಬಳಿ ನಿಂತಳು. ಆಟೊದ ಮೌನಿಕಾಳ ಕಡೆ ಬೆರಳು ಮಾಡಿ, ಅಂಗೈ ಜೋಡಿಸಿ ದೋಣಿ ತೂಗಿ, ಹುಬ್ಬು ಏರಿಸಿದಳು. ಆ ಮೇಡಂಗೆ ಇದು ಬರುತ್ತದಾ?

ದಸ್ತಗಿರಮ್ಮ ಬಾಗಿ, ತನ್ನ ವಾಚಾಳಿ ಕೈಯಲ್ಲಿ ನಿಧಾನವಾಗಿ ಹೇಳಿದಳು: ಬರಲಿಕ್ಕಿಲ್ಲ. ಆಕಿ ನದಿ ದಾಟಿದವಳಲ್ಲ. ನೀನು ಕಲಿಸು.

ಹುಡುಗಿ ಸ್ವಲ್ಪ ಯೋಚಿಸಿದಳು. ಆಮೇಲೆ ಆಟೊ ಹತ್ತಿದಳು. ಮೌನಿಕಾ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.